ಎಡದ ಅಂಚು

"ಗುರುಗಳೇ, ಎಡಗೈಯಲ್ಲಿ ಬರೆದರೆ ಗ್ರಂಥಕ್ಕೆ ದೋಷ ತಟ್ಟುತ್ತದೆಯೇ?" ಎಂದು ರುದ್ರಯ್ಯ ಕೇಳಿದ.

ಮಠದ ಹಳೆಯ ಗ್ರಂಥಗಳನ್ನು ಪ್ರತಿ ಮಾಡುವ ಕೆಲಸ ಅವನದು. ಎಡಗೈಯವನಾದರೂ ಹಿರಿಯರ ಮಾತಿಗೆ ಅಂಜಿ ಮೂರು ತಿಂಗಳು ಬಲಗೈಯಲ್ಲಿ ಹೆಣಗಿದ್ದ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗಿತ್ತು. ಗುರುಗಳು ಹೌದೆಂದರೆ ಲೇಖನಿ ಇಟ್ಟು ಊರಿಗೆ ಹೊರಡುವುದೆಂದು ನಿಶ್ಚಯಿಸಿಯೇ ಬಂದಿದ್ದ.

ಗುರುಗಳು ಕೂರಲು ಹೇಳಿ ಕತೆ ತೆಗೆದರು.

ಒಬ್ಬ ನೇಕಾರನಿದ್ದ. ಅವನ ಮನೆಯಲ್ಲಿ ಒಂದು ಪದ್ಧತಿ. ಸೀರೆ ಮಗ್ಗದಿಂದ ಇಳಿದ ದಿನ ಅದನ್ನು ಜಗಲಿಯ ಮೇಲೆ ಹಾಸಿ, ಸೆರಗಿನ ಕಡೆ ಕೂತು, ಮನೆಯವರೆಲ್ಲ ತಪ್ಪು ಹುಡುಕಬೇಕು. ಎಡಗೈಯವಳೆಂದು ಸೊಸೆಯನ್ನು ಮಾತ್ರ ಹತ್ತಿರ ಬಿಡುತ್ತಿರಲಿಲ್ಲ.

ಎರಡು ಮದುವೆ ಸೀರೆಗಳು ವರ್ತಕನಿಂದ ಹಿಂದಕ್ಕೆ ಬಂದವು. ಎರಡರಲ್ಲೂ ಎಡದ ಅಂಚಿನಲ್ಲಿ ಎಳೆ ಕಡಿದಿತ್ತು. ಮೂರನೆಯದೂ ಹಾಗೇ ಬಂದರೆ ಇನ್ನು ನಿನ್ನ ಮಗ್ಗದ ಸೀರೆ ಬೇಡ ಎಂದು ವರ್ತಕ ಹೇಳಿ ಕಳಿಸಿದ. ಮೂರನೆಯ ಸೀರೆಯನ್ನು ನೇಕಾರ ನೋಡಿದ, ಹೆಂಡತಿ ನೋಡಿದಳು, ಮಗನೂ ನೋಡಿದ. ಏನೂ ಇಲ್ಲವೆಂದು ಮಡಿಸಲು ಎದ್ದಾಗ ಬಾಗಿಲಲ್ಲಿ ನಿಂತಿದ್ದ ಸೊಸೆ, "ಮಾವಾ, ಎಡದ ಅಂಚಿನಲ್ಲಿ ಒಂದೆಳೆ ಕಡಿದಿದೆ" ಎಂದಳು.

"ಅಷ್ಟು ದೂರದಿಂದ ಕಂಡಿತೇನಮ್ಮ? ನನಗೇನು ಕಣ್ಣು ಹೋಗಿದೆಯೇ?"

"ಕಣ್ಣು ಚೆನ್ನಾಗಿಯೇ ಇದೆ ಮಾವಾ. ಅದನ್ನು ಕಳಿಸುವುದು ತಲೆಯಲ್ಲವೇ? ನಿಮ್ಮೆಲ್ಲರ ತಲೆ ಅದನ್ನು ಚುರುಕು ಕೈ ಇರುವ ಬಲಕ್ಕೇ ಕಳಿಸುತ್ತದೆ, ನನ್ನದು ಎಡಕ್ಕೆ."

ನೇಕಾರ ಬಗ್ಗಿ ನೋಡಿದ. ಎಳೆ ಕಡಿದಿತ್ತು. ಅಲ್ಲೇ ಕೂಡಿಸಿ, ಹಣೆಯ ಬೆವರು ಒರೆಸಿಕೊಂಡ. ಆ ಸೀರೆ ಹಿಂದೆ ಬರಲಿಲ್ಲ.

ಮುಂದಿನ ಸೀರೆಯನ್ನು ಸೊಸೆಯೊಬ್ಬಳೇ ನೋಡಲಿ ಎಂದ. ಅವಳು ನೋಡಿ, ಸರಿಯಿದೆ ಎಂದಳು. ಅತ್ತೆಗೆ ತಡೆಯಲಾಗಲಿಲ್ಲ, ತಾನೂ ಬಂದು ಬಗ್ಗಿದಳು. ಬಲದ ಅಂಚಿನಲ್ಲಿ ಎರಡೆಳೆ ತಪ್ಪಿದ್ದವು.

"ಎಲ್ಲಿ ಹೋಯಿತಮ್ಮಾ ನಿನ್ನ ಜಾಣತನ?" ಎಂದು ಅತ್ತೆ ನಕ್ಕಳು. ಸೊಸೆಯೂ ನಕ್ಕಳು.

ಅಂದಿನಿಂದ ಅತ್ತೆ ಸೊಸೆ ಪಕ್ಕಪಕ್ಕದಲ್ಲೇ ಕೂತು ನೋಡಿದರು.

ಕತೆ ಮುಗಿಯಿತು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ರುದ್ರಯ್ಯ ನಿರಾಳವಾಗಿ ಉಸಿರುಬಿಟ್ಟ. ಗುರುಗಳು ತಾವೇ ಬರೆದ ಗ್ರಂಥವನ್ನು ತಂದು ಅವನ ಮುಂದಿಟ್ಟರು.

"ಇದನ್ನು ತಿದ್ದಿದ ಮೂವರೂ ಬಲಗೈಯವರು, ಇನ್ನು ನೀನು ಎಡಗೈಯಲ್ಲೇ ಲೇಖನಿ ಹಿಡಿದು ನೋಡು."