ಯಾರೂ ಮುಟ್ಟದ ಎಣ್ಣೆ

ನದಿಯ ಮೇಲ್ದಂಡೆಯ ಆಶ್ರಮದಲ್ಲಿ ಮುಪ್ಪಿನಯ್ಯ ಎಂಬ ಗುರುಗಳಿದ್ದರು. ಅಲ್ಲಿ ಕಾಯಿಸುತ್ತಿದ್ದ ಕೀಲುನೋವಿನ ಎಣ್ಣೆ ಎಂದರೆ ಬಂದರಿನ ಹಮಾಲರಿಗೆ ಪ್ರಾಣ.

ಬಂದರು ಬೇರೆ ರಾಜ್ಯದ್ದು. ಎರಡು ರಾಜ್ಯಗಳ ನಡುವೆ ಒಂದು ಒಪ್ಪಂದವಿತ್ತು. ಆಶ್ರಮದ ಕಡೆಯ ಸರಕು ಹೊರಟ ಹಾಗೆಯೇ ಬಂದು ತಲುಪಿದರೆ ಸುಂಕ ತೀರ ಕಡಿಮೆ. ದಾರಿಯಲ್ಲಿ ಯಾರಾದರೂ ಬಿಚ್ಚಿ ಏನಾದರೂ ಬೆರೆಸಿದ್ದರೆ ಪೂರ್ತಿ ಸುಂಕ. ಪೂರ್ತಿ ಸುಂಕ ಬಿದ್ದರೆ ಆ ಎಣ್ಣೆ ಹಮಾಲರ ಕೈಗೆಟುಕುತ್ತಿರಲಿಲ್ಲ.

ಒಮ್ಮೆ ಶಿಷ್ಯ ಗದಿಗಯ್ಯ ಎಣ್ಣೆಯ ಗಡಿಗೆಗಳನ್ನು ದೋಣಿಗೇರಿಸಿಕೊಂಡು ಬಂದರಿಗೆ ಹೋದ. ಹೋದವನು ಬರಿಗೈಯಲ್ಲಿ, ಮುಖ ಬಾಡಿಸಿಕೊಂಡು ಹಿಂದಿರುಗಿದ.

“ಏನಾಯಿತಪ್ಪ?” ಎಂದರು ಗುರುಗಳು.

“ನಡುದಾರಿಯಲ್ಲಿ ದೋಣಿ ಸೋರಿತು, ಅಯ್ಯಾ. ರಿಪೇರಿ ಆಗುವ ತನಕ ನಡುವಿನ ಮೂರನೆಯ ರಾಜ್ಯದ ಪೇಟೆಯೊಂದರ ಉಗ್ರಾಣದ ಜಗಲಿಯಲ್ಲಿ ಗಡಿಗೆ ಇಳಿಸಬೇಕಾಯಿತು. ಅಲ್ಲಿ ಏನೂ ಬೆರೆತಿಲ್ಲ ಅನ್ನುವುದಕ್ಕೆ ಪುರಾವೆ ಕೊಡು ಅನ್ನುತ್ತಾರೆ ಬಂದರಿನ ಸುಂಕದವರು. ಗಡಿಗೆಗಳನ್ನು ತಡೆಹಿಡಿದಿದ್ದಾರೆ.”

“ಬಾಯಿಗೆ ಅರಗು ಹಾಕಿತ್ತಲ್ಲ?”

“ಅರಗನ್ನು ಕರಗಿಸಿ ಮತ್ತೆ ಹಾಕಬಹುದಂತೆ. ಆಣೆ ಮಾಡಿದೆ. ಅದನ್ನೂ ಒಪ್ಪಲಿಲ್ಲ.”

ಗುರುಗಳು ಎದ್ದು ಅಡುಗೆಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಹೊರಬಂದರು.

“ಒಳಗೆ ನಾನು ಏನು ಮಾಡಿದೆ?”

“ಗೊತ್ತಿಲ್ಲ, ಅಯ್ಯಾ.”

“ಏನೂ ಮಾಡಲಿಲ್ಲ.”

“ನೀವು ಹೇಳಿದ ಮೇಲೆ ಮುಗಿಯಿತು. ನಂಬುತ್ತೇನೆ.”

“ನೀನು ನನ್ನ ಶಿಷ್ಯ, ನಂಬುತ್ತೀಯ. ಸುಂಕದವನು ನಿನ್ನ ಶಿಷ್ಯನೇ?”

ಆ ಬೇಸರದಲ್ಲೂ ಗದಿಗಯ್ಯನಿಗೆ ನಗು ಬಂತು.

“ಜಗಲಿಯಲ್ಲಿ ನಿನ್ನ ಜೊತೆ ಯಾರಿದ್ದರು?”

“ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಗಡಿಗೆಗೆ ಒರಗಿಯೇ ಉಂಡೆ, ಒರಗಿಯೇ ಮಲಗಿದೆ. ಉಗ್ರಾಣದ ಅಧಿಕಾರಿ ದ್ಯಾವಪ್ಪ ಅಂತ, ಆಗಾಗ ಬಂದು ಇಣುಕುತ್ತಿದ್ದ. ಅವನ ನೋಟವೇ ನನಗೆ ಹಿಡಿಸಲಿಲ್ಲ. ನಮ್ಮ ಸರಕಿನ ಹತ್ತಿರ ನಿನಗೇನು ಕೆಲಸ ಎಂದು ಗದರಿಸಿ ಅಟ್ಟಿದೆ.”

“ಸಾಕ್ಷಿಯನ್ನೇ ಅಟ್ಟಿದೆಯಲ್ಲೋ. ಹೋಗು, ಅವನನ್ನೇ ಕೇಳು.”

“ನಾನೇ ಗದರಿಸಿ ಅಟ್ಟಿದವನ ಮುಂದೆ ಈಗ ಹೇಗೆ ಹೋಗಲಿ?”

“ದೋಣಿಯಲ್ಲಿ. ರಿಪೇರಿ ಆಗಿದೆಯಲ್ಲ.”

ಗದಿಗಯ್ಯ ಹೋದ. ಉಗ್ರಾಣದ ಮುಂದೆ ನಿಲ್ಲಲಾರದೆ ದಾಟಿ ನಡೆದ. ಮತ್ತೆ ತಿರುಗಿ ಬಂದ. ಕೊನೆಗೆ ದ್ಯಾವಪ್ಪನ ಎದುರು ತಲೆತಗ್ಗಿಸಿ, “ಅವತ್ತು ಒರಟಾಗಿ ಮಾತಾಡಿದೆ, ತಪ್ಪಾಯಿತು ಅಣ್ಣಾ” ಎಂದ. ಬಂದ ಕಾರಣವನ್ನೂ ಹೇಳಿದ.

ದ್ಯಾವಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

“ತಮ್ಮಾ, ಗಡಿಗೆ ಬಿಟ್ಟು ಕದಲದವನನ್ನು ಕಂಡು ನನಗೂ ಅನುಮಾನ ಬಂದಿತ್ತು. ಕದ್ದ ಮಾಲಿರಬೇಕು, ಇಲ್ಲೇ ಬಿಚ್ಚಿ ಮಾರುತ್ತಾನೆ ಅಂದುಕೊಂಡೆ. ನೀನು ಅಟ್ಟಿದ ಮೇಲೆ ಎದುರಿನ ಕಿಟಕಿಯಲ್ಲಿ ಕೂತೆ. ನಾನೂ ನನ್ನ ಕಾವಲುಗಾರನೂ ಸರದಿಯ ಮೇಲೆ ನಿನ್ನನ್ನೇ ನೋಡುತ್ತಿದ್ದೆವು. ನೀನು ಗೊರಕೆ ಹೊಡೆಯುವಾಗಲೂ ನಾವು ಎಚ್ಚರವಿದ್ದೆವು. ಒಂದು ಗಡಿಗೆಯ ಅರಗೂ ಒಡೆಯಲಿಲ್ಲ. ಇಳಿಸಿದ್ದೆಷ್ಟೋ ಏರಿಸಿದ್ದೂ ಅಷ್ಟೇ.”

ಅಷ್ಟನ್ನೂ ಬರೆದು, ಉಗ್ರಾಣದ ಮುದ್ರೆ ಒತ್ತಿ ಕೊಟ್ಟ. ಊಟ ಹಾಕಿಸಿಯೇ ಕಳಿಸಿದ.

ಬಂದರಿನ ಸುಂಕದವರು ಮುದ್ರೆ ನೋಡಿದರು. ಕಡಿಮೆ ಸುಂಕವನ್ನೇ ಕಟ್ಟಿಸಿಕೊಂಡು ಗಡಿಗೆಗಳನ್ನು ಬಿಟ್ಟುಕೊಟ್ಟರು. ಸಂಜೆಯೊಳಗೆ ಹಮಾಲರ ಕೇರಿಯಲ್ಲೆಲ್ಲ ಎಣ್ಣೆಯ ಘಮ.

ಗದಿಗಯ್ಯ ಹಾಡಿಕೊಳ್ಳುತ್ತ ಆಶ್ರಮಕ್ಕೆ ಬಂದ. ನಡೆದದ್ದನ್ನೆಲ್ಲ ಗುರುಗಳಿಗೆ ಹೇಳಿದ.

“ಅಯ್ಯಾ, ದ್ಯಾವಪ್ಪನ ಅನುಮಾನವೇ ನಮ್ಮನ್ನು ಕಾಪಾಡಿತು. ಮುಂದಿನ ಸಲ ಅಲ್ಲಿ ಇಳಿಯಬೇಕಾಗಿ ಬಂದರೆ, ಅವನಿಗೆ ಮತ್ತೆ ಅನುಮಾನ ಬರುವ ಹಾಗೆ ನಡೆದುಕೊಳ್ಳಲೇ?”

ಮುಪ್ಪಿನಯ್ಯ ನಕ್ಕರು.

“ಬೇಡಪ್ಪ. ನೀನೇ ಕರೆದು ಪಕ್ಕದಲ್ಲಿ ಕೂರಿಸಿಕೊ.”