ಪೈಪ್‌ಲೈನ್ ಶೇರಿಗೆ ಎಷ್ಟು ಪಟ್ಟು?

ಎಣ್ಣೆ ಸಾಗಿಸುವ ಪೈಪ್‌ಲೈನ್ ಕಂಪನಿಯೊಂದರ ಶೇರುಗಳು ಚನ್ನವೀರಪ್ಪನವರಿಗೂ ಅವರ ತಂಗಿ ಗಂಗಾಂಬಿಕೆಗೂ ಸಮಪಾಲಾಗಿ ಬಂದಿದ್ದವು. ತಂಗಿ ತನ್ನ ಪಾಲನ್ನು ಅಣ್ಣನಿಗೇ ಮಾರಲು ಬಂದಳು. ಅಣ್ಣನ ಗುಮಾಸ್ತ ಹೇಳಿದ ಬೆಲೆಯೇ ಆಗಲಿ ಎಂದಳು.

ಅಣ್ಣ ಗುಮಾಸ್ತನನ್ನು ಒಳಗೆ ಕರೆದರು. "ವರ್ಷಕ್ಕೆ ಕಂಪನಿಯ ಕೈಗೆ ಬರೋ ನಗದಿನ ಇಷ್ಟು ಪಟ್ಟು ಅಂತ ತಾನೇ ಬೆಲೆ ಕಟ್ಟೋದು? ನಾಲ್ಕೇ ಪಟ್ಟು ಅನ್ನು. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಪೇಟೆಯಲ್ಲಿ ಅದರ ಎರಡರಷ್ಟು ನಡೆಯುತ್ತಿತ್ತು. ಗುಮಾಸ್ತ ತಲೆಯಾಡಿಸಿ ಯಜಮಾನರ ಹಿಂದೆಯೇ ಹೊರಗೆ ಬಂದ.

"ಅಮ್ಮಾ, ನಾಲ್ಕು ಪಟ್ಟು ನ್ಯಾಯ ಅಂತ ಯಜಮಾನ್ರೇ ಹೇಳಿದಾರೆ. ನ್ಯಾಯದ ಬೆಲೆ ಅಂದ್ಮೇಲೆ ಯಾರು ಮಾರಿದ್ರೂ ನಷ್ಟವಿಲ್ಲ. ನಿಮ್ಮ ಪಾಲು ಮಾರ್ತೀರೋ, ಅವರದನ್ನೂ ಕೊಳ್ತೀರೋ?"

ತಂಗಿಯ ಕಣ್ಣರಳಿತು. "ನಾಲ್ಕೇ ವರ್ಷದಲ್ಲಿ ಹಾಕಿದ ಹಣ ವಾಪಸ್! ಬಳೆ ಅಡವಿಟ್ಟಾದ್ರೂ ನಾನೇ ಕೊಳ್ತೀನಿ ಅಣ್ಣಾ!"

ಅಣ್ಣನಿಗೆ ಕುಡಿಯುತ್ತಿದ್ದ ಕಾಫಿ ನೆತ್ತಿಗೇರಿತು. "ತಡಿ ತಂಗೀ! ಹನ್ನೆರಡು ಪಟ್ಟು!"

"ಹಾಗಾದ್ರೆ ಮಾರ್ತೀನಿ. ಹನ್ನೆರಡು ಪಟ್ಟು ಎಣಿಸು."

"ಅಯ್ಯಯ್ಯೋ, ಅಷ್ಟು ಕೊಟ್ಟರೆ ನಾನು ಮುಳುಗಿಹೋಗ್ತೀನಿ!"

ಅವರು ಹಣೆ ಒರೆಸಿಕೊಂಡು ಬಹಳ ಹೊತ್ತು ಯೋಚಿಸಿ, ಕೊನೆಗೆ "ಎಂಟು" ಎಂದರು. ಗುಮಾಸ್ತನ ಕಡೆ ತಿರುಗಿ ಗುರುಗುಟ್ಟಿದರು: "ಈ ಬೆಲೆಗೆ ಕೊಂಡರೂ ಹೊಟ್ಟೆ ಉರಿಯುತ್ತೆ, ಮಾರಿದರೂ ಉರಿಯುತ್ತೆ ಕಣಯ್ಯಾ!"

"ಅದೇ ಸರಿಯಾದ ಬೆಲೆ, ಯಜಮಾನ್ರೇ" ಎಂದ ಗುಮಾಸ್ತ.