ಬಾಯಿ ಮೂಸುವ ಒಪ್ಪಂದ

ಮಿಠಾಯಿ ಅಂಗಡಿಯ ಹಿಂಗೋಡೆಯ ಬಿಲದಲ್ಲಿ ಹೆಗ್ಗಣದ ಮನೆತನದ ಇಬ್ಬರು ಓರಗಿತ್ತಿಯರಿದ್ದರು. ಸಿಹಿ ತಿಂದು ತಿಂದು ಇಬ್ಬರ ಹೊಟ್ಟೆಯೂ ನೆಲಕ್ಕೆ ತಾಗುತ್ತಿತ್ತು. ಅಂಗಡಿಯವನು ಬೆಕ್ಕು ತಂದ ದಿನ ಹಿರಿಯವಳು ಬಿಲದ ಬಾಯಲ್ಲಿ ಸಿಕ್ಕಿಕೊಂಡಳು. ಬೆನ್ನಿನ ಕೂದಲು ಕಿತ್ತುಹೋದರೂ ಜೀವ ಉಳಿಯಿತು.

"ತಂಗಿ, ಇನ್ನೊಂದು ತಿಂಗಳು ಮೂಲಂಗಿ ಸೊಪ್ಪು ಬಿಟ್ಟು ಬೇರೇನೂ ಮುಟ್ಟಬಾರದು," ಎಂದಳು.

"ಆಗಲಿ ಅಕ್ಕ. ದಿನಾ ಸಂಜೆ ಒಬ್ಬರ ಬಾಯನ್ನು ಇನ್ನೊಬ್ಬರು ಮೂಸಿ ನೋಡೋಣ. ನನಗೆ ನೀನು, ನಿನಗೆ ನಾನು."

ಮೊದಲ ಸಂಜೆಯೇ ಕಿರಿಯವಳ ಬಾಯಿಂದ ಮೈಸೂರುಪಾಕಿನ ಘಮ ಬಂತು. ಬೈಯಬೇಕೆನ್ನುವಷ್ಟರಲ್ಲಿ ಹಿರಿಯವಳಿಗೆ ತಾನು ಮಧ್ಯಾಹ್ನ ಕದ್ದು ತಿಂದ ಜಿಲೇಬಿ ನೆನಪಾಯಿತು.

"ಬರೀ ಸೊಪ್ಪಿನ ವಾಸನೆ ಕಣೆ, ಭೇಷ್!" ಎಂದಳು.

ಕಿರಿಯವಳೂ ಮೂಸಿ, "ನಿನ್ನದೂ ಸೊಪ್ಪೇ ಅಕ್ಕ. ಆಗಲೇ ಇಳಿದುಹೋಗಿದ್ದೀಯ," ಎಂದಳು.

ಅಂದಿನಿಂದ ದಿನಾ ಮೂಸಿದರು, ದಿನಾ ಹೊಗಳಿದರು. ಕೇಳಿ ಕೇಳಿ ಹಿರಿಯವಳಿಗೆ ತಾನು ನಿಜಕ್ಕೂ ಸಣ್ಣಗಾದೆನೆಂಬ ನಂಬಿಕೆಯೇ ಬಂದುಬಿಟ್ಟಿತು. ಬಿಲ ಬಿಗಿಯಾದಾಗ, ಥಂಡಿಗೆ ಗೋಡೆ ಊದಿಕೊಂಡಿದೆ ಎಂದುಕೊಂಡಳು.

ತಿಂಗಳು ತುಂಬಿದ ದಿನ ಬೆಕ್ಕು ಮೇಲೆ ಬಿತ್ತು. ಹಿರಿಯವಳು ಧೈರ್ಯವಾಗಿ ಬಿಲಕ್ಕೆ ನುಗ್ಗಿ ಅರ್ಧಕ್ಕೇ ಸಿಕ್ಕಿಕೊಂಡಳು. ಕಿರಿಯವಳು ಹಿಂದಿನಿಂದ ತಳ್ಳತೊಡಗಿದಳು.

"ಸಣ್ಣಗಾಗಿದ್ದೀಯ ಅಂದಿದ್ದೆಯಲ್ಲೇ!" ಎಂದು ಹಿರಿಯವಳು ಒಳಗಿನಿಂದ ಕೂಗಿದಳು.

"ನೀನೂ ನನಗೆ ಹಾಗೇ ಅಂದಿದ್ದೆಯಲ್ಲ, ಅಕ್ಕ."

ಅಷ್ಟರಲ್ಲಿ ತಳ್ಳುತ್ತಿದ್ದ ಕೈಗಳು ನಿಂತುಹೋದವು. ಸ್ವಲ್ಪ ಹೊತ್ತಿನ ಮೇಲೆ ಬೆಕ್ಕು ಬಾಯಿ ಒರೆಸಿಕೊಂಡು ಬಂದು, ಹಿರಿಯವಳನ್ನು ನಿಧಾನವಾಗಿ ಮೂಸಿ ನೋಡಿತು.

"ಜಿಲೇಬಿ," ಎಂದಿತು.